ಪಟ್ಟಿ ಹಿಡಿದು ನೋಡಿದರೆ ಅರ್ಧ ಕ್ಲಾಸೇ ಅಪಾಯದಲ್ಲಿದೆ, ನಾನು ಯಾರ ಮೇಲೆ ನಿಗಾ ಇಡಲಿ?

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಶಿಕ್ಷಕಿ. ಕಳೆದ ತಿಂಗಳು ನನ್ನ ಕ್ಲಾಸಿನ ಹುಡುಗನೊಬ್ಬ ಆತ್ಮಹತ್ಯೆಗೆ ಯತ್ನಿಸಿದ. ಪುಣ್ಯಕ್ಕೆ ಉಳಿದುಕೊಂಡ, ಬರುವ ಸೋಮವಾರ ಮತ್ತೆ ಶಾಲೆಗೆ ಬರುತ್ತಾನೆ. ಓದಿನಲ್ಲಿ ಹಿಂದಿರಲಿಲ್ಲ, ಎಲ್ಲರ ಜೊತೆ ನಗುನಗುತ್ತಲೇ ಇದ್ದ. ಅಂದಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ‘ಅಪಾಯದ ಅಂಶಗಳು’ ಎಂಬ ಪಟ್ಟಿಯೊಂದನ್ನು ಓದಿ, ಹಾಜರಿ ಪುಸ್ತಕ ತೆರೆದು ಒಂದೊಂದೇ ಹೆಸರು ನೋಡುತ್ತಾ ಹೋದೆ. ನಲವತ್ತು ಮಕ್ಕಳಲ್ಲಿ ಇಪ್ಪತ್ತು ಜನಕ್ಕೆ ಏನಾದರೊಂದು ಹೊಂದುತ್ತದೆ. ನಾನು ಯಾರ ಮೇಲೆ ನಿಗಾ ಇಡಲಿ? ನೇರವಾಗಿ ಕೇಳೋಣವೆಂದರೆ, ಇಲ್ಲದ ಯೋಚನೆಯನ್ನು ನಾನೇ ತಲೆಗೆ ತುಂಬಿದ ಹಾಗಾಗುತ್ತದೇನೋ ಎಂಬ ಭಯ.

ಉತ್ತರ: ಹಾಜರಿ ಪುಸ್ತಕ ಮುಂದಿಟ್ಟುಕೊಂಡು ಒಂದೊಂದು ಮಗುವಿನ ಮುಖ ನೆನಪಿಸಿಕೊಂಡಿರಲ್ಲ, ಅದಕ್ಕೆ ಮೊದಲು ನಿಮಗೆ ನಮಸ್ಕಾರ. ನೀವು ಕಂಡುಕೊಂಡದ್ದು ಸರಿಯಾಗಿಯೇ ಇದೆ. ಆ ಪಟ್ಟಿಗಳ ಸ್ವಭಾವವೇ ಹಾಗೆ. 2017ರಲ್ಲಿ ಸಂಶೋಧಕರ ತಂಡವೊಂದು ಐವತ್ತು ವರ್ಷಗಳಲ್ಲಿ ನಡೆದ 365 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿತು. ಯಾವುದೇ ಒಂದು ಅಂಶವನ್ನು ಹಿಡಿದುಕೊಂಡು ‘ಈ ವ್ಯಕ್ತಿ ಪ್ರಯತ್ನಿಸುತ್ತಾನೆ, ಈ ವ್ಯಕ್ತಿ ಪ್ರಯತ್ನಿಸುವುದಿಲ್ಲ’ ಎಂದು ಹೇಳಹೊರಟರೆ, ನಾಣ್ಯ ಚಿಮ್ಮಿ ಹೇಳುವುದಕ್ಕಿಂತ ಸ್ವಲ್ಪವೇ ಮೇಲು ಎಂಬ ಫಲಿತಾಂಶ ಬಂತು. ಸಾವಿರ ಮಕ್ಕಳ ಗುಂಪಿನಲ್ಲಿ ಯಾವ ಕಷ್ಟ ಇರುವವರಿಗೆ ಅಪಾಯ ಹೆಚ್ಚು ಎಂಬುದನ್ನು ಪಟ್ಟಿ ಹೇಳೀತು. ನಿಮ್ಮ ಮೂರನೇ ಬೆಂಚಿನ ಹುಡುಗಿ ಇವತ್ತು ಸಂಜೆ ಏನು ಯೋಚಿಸುತ್ತಿದ್ದಾಳೆ ಎಂಬುದನ್ನು ಹೇಳಲಾರದು. ಅದನ್ನು ಅವಳೇ ಹೇಳಬೇಕು, ಅವಳು ಹೇಳಬೇಕಾದರೆ ಯಾರಾದರೂ ಕೇಳಬೇಕು.

ಹಾಗೆಂದು ಪಟ್ಟಿಯನ್ನು ಹರಿದು ಹಾಕಬೇಡಿ. ಅದರಲ್ಲಿರುವ ಎಲ್ಲಕ್ಕೂ ಒಂದೇ ತೂಕವಿಲ್ಲ, ಅಷ್ಟೇ.

ಎಲ್ಲಕ್ಕಿಂತ ಭಾರವಾದದ್ದು ಹಿಂದಿನ ಯತ್ನ. ಒಮ್ಮೆ ಪ್ರಯತ್ನಿಸಿದ ಮಗು ಮತ್ತೆ ಪ್ರಯತ್ನಿಸುವ ಸಾಧ್ಯತೆ ಉಳಿದವರಿಗಿಂತ ಬಹಳ ಹೆಚ್ಚು. ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರಗಳು, ಮೊದಲ ಮೂರು ತಿಂಗಳು ಅತಿ ಸೂಕ್ಷ್ಮ. ‘ಸುಮ್ನೆ ಹೆದರಿಸೋಕೆ ಮಾಡಿದ್ದು’, ‘ಗಮನ ಸೆಳೆಯೋಕೆ ಮಾಡೋ ನಾಟಕ’ ಎನ್ನುವ ಮಾತು ಮನೆಯಲ್ಲೂ ಕೇಳಿಬರುತ್ತದೆ, ಸ್ಟಾಫ್ ರೂಮಿನಲ್ಲೂ ಕೇಳಿಬರುತ್ತದೆ. ನನ್ನ ಇಷ್ಟು ವರ್ಷದ ವೃತ್ತಿಯಲ್ಲಿ ಇದರಷ್ಟು ಹಾನಿ ಮಾಡಿದ ಮಾತನ್ನು ನಾನು ಕೇಳಿಲ್ಲ. ಗಮನ ಬೇಕೆಂದು ಒಂದು ಮಗು ಜೀವವನ್ನೇ ಪಣಕ್ಕಿಟ್ಟಿದೆ ಎಂದರೆ ಆ ಮಗುವಿಗೆ ಗಮನ ಬೇಕೇ ಬೇಕು. ಇದರ ಜೊತೆಗೇ ಇನ್ನೊಂದು ಮಾತೂ ನಿಜ: ಯತ್ನಿಸಿ ಬದುಕುಳಿದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ನಿಮ್ಮ ಹುಡುಗನ ತಂದೆತಾಯಿಗೆ ಈ ಮಾತನ್ನು ತಪ್ಪದೆ ತಿಳಿಸಿ.

ಸಾಯುವ ಉದ್ದೇಶವಿಲ್ಲದೆ ತಮ್ಮ ಮೈಗೆ ತಾವೇ ಗಾಯ ಮಾಡಿಕೊಳ್ಳುವ ಮಕ್ಕಳಿದ್ದಾರೆ. ತಡೆಯಲಾಗದ ಸಂಕಟ ಒಂದು ಗಳಿಗೆಯಾದರೂ ಇಳಿಯಲಿ ಎಂದು ಹಾಗೆ ಮಾಡಿಕೊಳ್ಳುತ್ತಾರೆ. ಇದು ಆತ್ಮಹತ್ಯಾ ಯತ್ನವಲ್ಲ. ಆದರೆ ಮುಂದೆ ಯತ್ನಕ್ಕೆ ದಾರಿಯಾಗಬಲ್ಲದು ಎಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಸೆಕೆಯಲ್ಲೂ ಉದ್ದ ತೋಳಿನ ಬಟ್ಟೆ ಬಿಡದ ಮಗುವನ್ನು ಎಲ್ಲರೆದುರು ‘ತೋಳು ಮಡಚು ನೋಡೋಣ’ ಎನ್ನಬೇಡಿ. ಒಬ್ಬಳೇ ಇರುವಾಗ ಮಾತಾಡಿಸಿ.

ಆಮೇಲೆ ಖಿನ್ನತೆ. ಇಲ್ಲೇ ಶಿಕ್ಷಕರು, ಪೋಷಕರು, ಕೆಲವೊಮ್ಮೆ ನಾವು ವೈದ್ಯರೂ ಎಡವುತ್ತೇವೆ. ಖಿನ್ನತೆ ಎಂದರೆ ಮೂಲೆಯಲ್ಲಿ ಕೂತು ಅಳುವುದು ಎಂಬ ಚಿತ್ರ ನಮ್ಮ ತಲೆಯಲ್ಲಿದೆ. ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಅದು ಸಿಡುಕಾಗಿ ಬರುತ್ತದೆ. ಮಾತಿಗೆ ಮುಂಚೆ ಸಿಟ್ಟು, ಬಾಗಿಲು ಧಡಾರನೆ ಹಾಕುವುದು, ಹೋಂವರ್ಕ್ ಬಿಡುವುದು, ಇಷ್ಟಪಟ್ಟು ಆಡುತ್ತಿದ್ದ ಆಟದ ಮೈದಾನದ ಕಡೆ ತಲೆ ಹಾಕದಿರುವುದು, ಬೆಳಗಿನ ಮೊದಲ ಪಿರಿಯಡ್‌ನಲ್ಲೇ ಡೆಸ್ಕಿನ ಮೇಲೆ ತಲೆ ಇಟ್ಟು ಮಲಗುವುದು. ‘ಹುಡುಗ ಕೈಮೀರಿದ್ದಾನೆ’ ಎಂದು ಬೈಸಿಕೊಳ್ಳುವ ಮಗು ಖಿನ್ನತೆಯಲ್ಲಿರುವ ಮಗುವೂ ಆಗಿರಬಹುದು. ಕುಡಿತ, ಮಾದಕ ವಸ್ತು ಸೇರಿದರೆ ಅಪಾಯ ಇನ್ನಷ್ಟು ಏರುತ್ತದೆ, ಏಕೆಂದರೆ ತಡೆಯುವ ಕೈಯನ್ನೇ ಅವು ಸಡಿಲಿಸುತ್ತವೆ. ದುಡುಕು ಸ್ವಭಾವದ ಮಕ್ಕಳಲ್ಲೂ ಹಾಗೆಯೇ. ಮುಂದಾಲೋಚನೆಗೆ, ಆವೇಗಕ್ಕೆ ಲಗಾಮು ಹಾಕುವುದಕ್ಕೆ ಬೇಕಾದ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನ ವಯಸ್ಸಿಗೆ. ಹೈಸ್ಕೂಲಿನ ಮಗುವಿಗೆ ಭಾವನೆ ದೊಡ್ಡವರಷ್ಟೇ ಉಗ್ರವಾಗಿರುತ್ತದೆ, ಬ್ರೇಕ್ ಮಾತ್ರ ಇನ್ನೂ ತಯಾರಾಗುತ್ತಿರುತ್ತದೆ.

ನಿದ್ದೆಯ ಬಗ್ಗೆ ಯಾರೂ ಕೇಳುವುದಿಲ್ಲ, ನೀವು ಕೇಳಿ. ವಾರಗಟ್ಟಲೆ ನಿದ್ದೆ ಬಾರದಿರುವುದು, ಕೆಟ್ಟ ಕನಸಿನಿಂದ ಎಚ್ಚರಾಗುವುದು, ಇವೂ ಸಾಯುವ ಯೋಚನೆಯ ಜೊತೆ ಗಟ್ಟಿಯಾಗಿ ಹೆಣೆದುಕೊಂಡಿವೆ. ‘ಸಾಯಬೇಕು ಅನಿಸುತ್ತಾ’ ಎಂಬ ಪ್ರಶ್ನೆಗೆ ಹೋಗುವ ಮೊದಲು ‘ರಾತ್ರಿ ನಿದ್ದೆ ಹೇಗಿದೆ’ ಎಂಬ ಪ್ರಶ್ನೆ ಒಳ್ಳೆಯ ಬಾಗಿಲು. ಮಕ್ಕಳು ಅದಕ್ಕೆ ಸುಳ್ಳು ಹೇಳುವುದು ಕಡಿಮೆ.

ಇನ್ನು ಮನೆ. ಚಿಕ್ಕಂದಿನಲ್ಲಿ ಹೊಡೆತ, ಲೈಂಗಿಕ ದೌರ್ಜನ್ಯ, ತಂದೆಯೋ ತಾಯಿಯೋ ಕುಡಿತಕ್ಕೆ ಬಿದ್ದಿರುವುದು, ಮನೆಯಲ್ಲಿ ದಿನಬೆಳಗಾದರೆ ಹೊಡೆದಾಟ. 1998ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನವೊಂದು, ಬಾಲ್ಯದ ಇಂಥ ಕಹಿ ಅನುಭವಗಳಲ್ಲಿ ನಾಲ್ಕು ಅಥವಾ ಹೆಚ್ಚನ್ನು ಉಂಡವರಲ್ಲಿ ಕುಡಿತ, ಮಾದಕ ವ್ಯಸನ, ಖಿನ್ನತೆ ಮತ್ತು ಆತ್ಮಹತ್ಯಾ ಯತ್ನದ ಅಪಾಯ 4ರಿಂದ 12 ಪಟ್ಟು ಹೆಚ್ಚು ಎಂದು ತೋರಿಸಿತು. ಇಲ್ಲಿ ಕಷ್ಟಗಳು ಒಂದರ ಮೇಲೊಂದು ಪೇರಿಕೊಳ್ಳುವುದನ್ನು ಗಮನಿಸಬೇಕು. ಒಂದೇ ಕಷ್ಟವನ್ನು ಬಹಳಷ್ಟು ಮಕ್ಕಳು ತಾಳಿಕೊಳ್ಳುತ್ತಾರೆ. ಕುಟುಂಬದಲ್ಲಿ ಯಾರಾದರೂ ಆತ್ಮಹತ್ಯೆ ಮಾಡಿಕೊಂಡಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಎಷ್ಟೋ ಮನೆಗಳಲ್ಲಿ ಅದನ್ನು ‘ಹೃದಯಾಘಾತ’ ಎಂದು ಹೇಳಿರುತ್ತಾರೆ, ಮಗುವಿಗೆ ಮಾತ್ರ ಹೇಗೋ ಗೊತ್ತಿರುತ್ತದೆ.

ಸಹಪಾಠಿಗಳ ಪೀಡನೆ, ಈಗ ಅದರ ಜೊತೆಗೆ ಮೊಬೈಲಿನಲ್ಲಿ ಬೆನ್ನಟ್ಟಿ ಬರುವ ಪೀಡನೆ. ಪೀಡನೆಗೆ ಒಳಗಾಗುವ ಮಗುವಿನ ಬಗ್ಗೆ ನಿಮಗೆ ಗೊತ್ತು. ಪೀಡಿಸುವ ಮಗುವಿಗೂ ಅಪಾಯವಿದೆ. ಎರಡೂ ಆಗಿರುವ ಮಗು, ಅಂದರೆ ಒಂದು ಕಡೆ ಪೆಟ್ಟು ತಿಂದು ಇನ್ನೊಂದು ಕಡೆ ಪೆಟ್ಟು ಕೊಡುವ ಮಗು, ಎಲ್ಲರಿಗಿಂತ ಹೆಚ್ಚು ಅಪಾಯದಲ್ಲಿರುತ್ತದೆ. ಅದನ್ನೇ ನಾವು ಅತಿ ಹೆಚ್ಚು ಶಿಕ್ಷಿಸುತ್ತೇವೆ. ತಮ್ಮ ಲಿಂಗತ್ವ ಅಥವಾ ಲೈಂಗಿಕ ಒಲವು ಉಳಿದವರಂತಿಲ್ಲ ಎಂದು ಒಳಗೊಳಗೇ ಅರಿತು, ಹೇಳಿಕೊಳ್ಳಲು ಒಬ್ಬರೂ ಇಲ್ಲದ ಮಕ್ಕಳಲ್ಲಿ ಯತ್ನದ ಪ್ರಮಾಣ ಉಳಿದವರಿಗಿಂತ ಬಹಳ ಹೆಚ್ಚು. ಅವರ ಒಲವಿನಲ್ಲೇ ರೋಗವಿದೆ ಎಂದಲ್ಲ. ಗೇಲಿ, ಬಹಿಷ್ಕಾರ, ಮನೆಯವರು ಹೊರಹಾಕಿಯಾರೆಂಬ ಭಯ, ಇವು ಸೇರಿ ಆ ಮಟ್ಟಕ್ಕೆ ತಳ್ಳುತ್ತವೆ. ಕ್ಲಾಸಿನಲ್ಲಿ ಆ ಬಗೆಯ ಒಂದು ಜೋಕಿಗೆ ನೀವು ನಗದೆ ತಡೆದರೆ, ಯಾರೋ ಒಬ್ಬರು ಅದನ್ನು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತಾರೆ.

ಈ ಎಲ್ಲ ಅಂಶಗಳ ಕೆಳಗೆ ಹರಿಯುವ ಎರಡು ಭಾವನೆಗಳಿವೆ. ನಾನು ಹೊಸಬರಿಗೆ ಪಾಠ ಮಾಡುವಾಗ ಪಟ್ಟಿಗಿಂತ ಇವನ್ನೇ ಒತ್ತಿ ಹೇಳುತ್ತೇನೆ. ಮನಶ್ಶಾಸ್ತ್ರಜ್ಞ ಥಾಮಸ್ ಜಾಯ್ನರ್ 2005ರಲ್ಲಿ ಮುಂದಿಟ್ಟ ಸಿದ್ಧಾಂತದಲ್ಲಿ ಇವು ಬರುತ್ತವೆ. ಒಂದು, ‘ನಾನು ಯಾರಿಗೂ ಸೇರಿದವನಲ್ಲ’ ಎಂಬ ಒಂಟಿತನ. ಇನ್ನೊಂದು, ‘ನಾನು ಎಲ್ಲರಿಗೂ ಹೊರೆ’ ಎಂಬ ನಂಬಿಕೆ. ಇವೆರಡೂ ಇನ್ನು ಬದಲಾಗುವುದೇ ಇಲ್ಲ ಎಂಬ ಹತಾಶೆ ಸೇರಿದಾಗ ಸಾಯುವ ಬಯಕೆ ಗಟ್ಟಿಯಾಗುತ್ತದೆ.

ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಹದಿನೈದು ವರ್ಷ. ಪದೇ ಪದೇ ತಲೆನೋವೆಂದು ಕರೆತಂದಿದ್ದರು. ಅಮ್ಮ ಹೊರಗೆ ಕೂತ ಮೇಲೂ ಅವಳು ಕುರ್ಚಿಯ ಹರಿದ ರೆಕ್ಸಿನ್ ಅಂಚನ್ನು ಉಗುರಿನಿಂದ ಕೀಳುತ್ತಾ ಕೂತಿದ್ದಳು. ಶಾಲೆ, ಗೆಳತಿಯರು, ಊಟ, ನಿದ್ದೆ, ಎಲ್ಲಕ್ಕೂ ‘ಚೆನ್ನಾಗಿದೆ’. ಕೊನೆಗೆ ನೇರವಾಗಿ ಕೇಳಿದೆ: ‘ಸತ್ತು ಹೋದ್ರೆ ಚೆನ್ನಾಗಿರುತ್ತೆ ಅಂತ ಯಾವಾಗಾದ್ರೂ ಅನಿಸಿದ್ಯಾ?’ ಕೀಳುತ್ತಿದ್ದ ಬೆರಳು ನಿಂತಿತು. ‘ನನ್ನ ಫೀಸ್‌ಗೆ ಅಂತಾನೇ ಅಪ್ಪ ಸಾಲ ಮಾಡಿರೋದು. ನಾನಿಲ್ದಿದ್ರೆ ಅವರಿಗೆ ಸಾಲ ಇರ್ತಿರ್ಲಿಲ್ಲ’ ಎಂದಳು, ಅಳದೆ, ಗಣಿತದ ಲೆಕ್ಕ ಬಿಡಿಸಿ ಉತ್ತರ ಹೇಳಿದ ಹಾಗೆ. ಸಾಲದ ವಿಷಯ ಅಪ್ಪ ಅಮ್ಮ ಅವಳೆದುರು ಮಾತಾಡಿದ್ದು ಅವಳು ಚೆನ್ನಾಗಿ ಓದಲಿ ಎಂದು. ಅವಳ ಕಿವಿಗೆ ಬಿದ್ದದ್ದೇ ಬೇರೆ. ಯಾವ ಪಟ್ಟಿಯಲ್ಲೂ ‘ಮನೆಯ ಸಾಲ’ ಎಂಬ ಅಂಶವನ್ನು ಹುಡುಕಿ ಇವಳನ್ನು ಹಿಡಿಯಲು ಆಗುತ್ತಿರಲಿಲ್ಲ. ಅಮ್ಮನನ್ನು ಒಳಗೆ ಕರೆದು ಮಾತಾಡಿಸಿದೆವು, ಚಿಕಿತ್ಸೆ ಆಯಿತು, ಈಗ ಅವಳು ಚೆನ್ನಾಗಿದ್ದಾಳೆ.

ನಾನು ಕೇಳದೆ ಬಿಟ್ಟದ್ದೂ ಇದೆ. ವೃತ್ತಿಯ ಆರಂಭದ ವರ್ಷಗಳಲ್ಲಿ ಒಬ್ಬ ಹುಡುಗ ಬಂದಿದ್ದ. ಕ್ಲಾಸಿಗೇ ಮೊದಲು, ಒಳ್ಳೆಯ ಮನೆ, ಮಾತು ಸ್ಪಷ್ಟ. ನನ್ನ ತಲೆಯಲ್ಲಿದ್ದ ಪಟ್ಟಿಯ ಯಾವ ಅಂಶವೂ ಅವನಿಗೆ ಹೊಂದಲಿಲ್ಲ, ಹಾಗಾಗಿ ಆ ಒಂದು ಪ್ರಶ್ನೆಯನ್ನು ನಾನು ಕೇಳಲೇ ಇಲ್ಲ. ಹತ್ತು ದಿನದ ಮೇಲೆ ಅವನನ್ನು ತುರ್ತು ವಿಭಾಗದಲ್ಲಿ ನೋಡಿದೆ. ಬದುಕಿದ. ‘ಅವತ್ತು ಕೇಳಿದ್ದರೆ ಹೇಳ್ತಿದ್ದೆ ಡಾಕ್ಟ್ರೇ’ ಎಂದ. ಅಂದಿನಿಂದ ನನ್ನ ಬಳಿ ಬರುವ ಪ್ರತಿ ಮಗುವನ್ನೂ ಕೇಳುತ್ತೇನೆ. ನಿಮ್ಮ ಆ ನಗುಮುಖದ ಹುಡುಗನ ಬಗ್ಗೆ ಓದುವಾಗ ಇವನೇ ನೆನಪಾದ. ನೀವು ಏನನ್ನೋ ನೋಡದೆ ಬಿಟ್ಟಿರಿ ಎಂದು ನಿಮ್ಮನ್ನು ಹಳಿದುಕೊಳ್ಳಬೇಡಿ. ಕೆಲವು ಮಕ್ಕಳು ನಗುವನ್ನೇ ಬಾಗಿಲಿನ ಚಿಲಕ ಮಾಡಿಕೊಂಡಿರುತ್ತಾರೆ.

ಕೇಳಿದರೆ ತಲೆಗೆ ತುಂಬಿದ ಹಾಗಾಗುತ್ತದೆಯೇ? ಇಲ್ಲ. ಇದನ್ನು ಹೈಸ್ಕೂಲ್ ಮಕ್ಕಳಲ್ಲೇ ಪರೀಕ್ಷಿಸಿದ್ದಾರೆ. 2005ರಲ್ಲಿ ಪ್ರಕಟವಾದ, ನ್ಯೂಯಾರ್ಕ್ ರಾಜ್ಯದ ಆರು ಹೈಸ್ಕೂಲುಗಳ 2,342 ವಿದ್ಯಾರ್ಥಿಗಳ ಅಧ್ಯಯನದಲ್ಲಿ ಅರ್ಧದಷ್ಟು ಮಕ್ಕಳಿಗೆ ಆತ್ಮಹತ್ಯೆಯ ಬಗ್ಗೆ ನೇರ ಪ್ರಶ್ನೆ ಕೇಳಿದರು, ಉಳಿದವರಿಗೆ ಕೇಳಲಿಲ್ಲ. ಕೇಳಿದ್ದರಿಂದ ಸಂಕಟವೂ ಹೆಚ್ಚಲಿಲ್ಲ, ಅಂಥ ಯೋಚನೆಯೂ ಹೆಚ್ಚಲಿಲ್ಲ. ಖಿನ್ನತೆಯಲ್ಲಿದ್ದ, ಹಿಂದೆ ಯತ್ನಿಸಿದ್ದ ಮಕ್ಕಳಿಗಂತೂ ಕೇಳಿದ ಮೇಲೆ ಸ್ವಲ್ಪ ಹಗುರವೇ ಆದಂತೆ ಕಂಡಿತು. ಅಷ್ಟಕ್ಕೂ ಈ ಯೋಚನೆ ಅಪರೂಪದ್ದಲ್ಲ. ಅಮೆರಿಕದಲ್ಲಿ ಎರಡು ವರ್ಷಕ್ಕೊಮ್ಮೆ ಹೈಸ್ಕೂಲ್ ಮಕ್ಕಳ ಸಮೀಕ್ಷೆ ನಡೆಯುತ್ತದೆ. 2023ರದರಲ್ಲಿ ಹಿಂದಿನ ಒಂದು ವರ್ಷದಲ್ಲಿ ಆತ್ಮಹತ್ಯೆಯ ಬಗ್ಗೆ ಗಂಭೀರವಾಗಿ ಯೋಚಿಸಿದ್ದೆ ಎಂದವರು ಶೇಕಡ 20, ಯತ್ನಿಸಿದ್ದೆ ಎಂದವರು ಶೇಕಡ 9. ಬಹಳಷ್ಟು ದೇಶಗಳಲ್ಲಿ ಯತ್ನಿಸುವವರಲ್ಲಿ ಹುಡುಗಿಯರು ಹೆಚ್ಚು, ಸಾಯುವವರಲ್ಲಿ ಹುಡುಗರು ಹೆಚ್ಚು. ಹುಡುಗರು ಹೇಳಿಕೊಳ್ಳುವುದಿಲ್ಲ, ನಾವೂ ಅವರನ್ನು ಕೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 7,27,000 ಮಂದಿ ಆತ್ಮಹತ್ಯೆಯಿಂದ ತೀರಿಕೊಂಡರು. 15ರಿಂದ 29ರ ವಯೋಮಾನದವರ ಸಾವಿನ ಕಾರಣಗಳಲ್ಲಿ ಅದು ಮೂರನೆಯದು.

ಹೇಗೆ ಕೇಳಬೇಕು ಎಂಬುದಕ್ಕೆ ದೊಡ್ಡ ವಿದ್ಯೆ ಬೇಡ. ಮಗು ಒಬ್ಬರೇ ಸಿಗುವ ಜಾಗ, ಅವಸರವಿಲ್ಲದ ಹೊತ್ತು. ನೀವು ಕಂಡದ್ದನ್ನು ಮೊದಲು ಹೇಳಿ: ‘ಎರಡು ವಾರದಿಂದ ನೀನು ಯಾರ ಜೊತೆಗೂ ಊಟಕ್ಕೆ ಕೂರ್ತಿಲ್ಲ, ನೋಡಿದೆ.’ ಆಮೇಲೆ: ‘ಇಷ್ಟು ಕಷ್ಟ ಇದ್ದಾಗ ಕೆಲವರಿಗೆ ಸಾಯಬೇಕು ಅನಿಸುತ್ತೆ. ನಿನಗೂ ಹಾಗೆ ಅನಿಸ್ತಿದ್ಯಾ?’ ‘ಹಾಗೆಲ್ಲಾ ಹುಚ್ಚು ಯೋಚನೆ ಏನೂ ಇಲ್ಲ ತಾನೇ?’ ಎಂದು ಕೇಳಿದರೆ ಇಲ್ಲ ಎಂಬ ಉತ್ತರವನ್ನು ನೀವೇ ಬಾಯಿಗಿಟ್ಟ ಹಾಗೆ. ಹೌದು ಎಂದರೆ ಎದೆ ಧಸಕ್ಕೆನ್ನುತ್ತದೆ, ಮುಖದಲ್ಲಿ ತೋರಿಸಿಕೊಳ್ಳಬೇಡಿ. ‘ಹೇಳಿದ್ದು ಒಳ್ಳೇದಾಯ್ತು’ ಎನ್ನಿ. ಅಪ್ಪ ಅಮ್ಮನ ಗತಿ ಏನು, ನಿನಗೇನು ಕಡಿಮೆಯಾಗಿದೆ ಎಂಬ ಬೋಧನೆ ಬೇಡ. ಹೊರೆ ಎಂದುಕೊಂಡಿರುವ ಮಗುವಿಗೆ ಅದು ಗಾಯದ ಮೇಲೆ ಬರೆ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬೇಡಿ. ‘ಈ ವಿಷಯ ನಾವಿಬ್ಬರೇ ಇಟ್ಕೊಳ್ಳೋಕೆ ಆಗಲ್ಲ. ಯಾರಿಗೆ ಹೇಳೋಣ, ಹೇಗೆ ಹೇಳೋಣ ಅಂತ ಇಬ್ರೂ ಸೇರಿ ಯೋಚಿಸೋಣ’ ಎನ್ನಿ.

ಇಂದೇ, ಈಗಲೇ ಏನಾದರೂ ಮಾಡಿಕೊಳ್ಳುವ ಯೋಚನೆ ಇದೆ, ಹೇಗೆಂದೂ ಯೋಚಿಸಿದ್ದೇನೆ ಎಂದು ಮಗು ಹೇಳಿದರೆ ಒಂದು ಕ್ಷಣವೂ ಒಂಟಿಯಾಗಿ ಬಿಡಬೇಡಿ. ಮನೆಯವರನ್ನು ಕರೆಸಿ, ಅವರ ಕೈಗೆ ಒಪ್ಪಿಸಿ, ಅಂದೇ ಮನೋವೈದ್ಯರ ಬಳಿ ಅಥವಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಲಿ. ಆ ಮನೆಯಲ್ಲೇ ಹಿಂಸೆ ನಡೆಯುತ್ತಿದೆ ಎಂದು ಮಗು ಹೇಳಿದ್ದರೆ ಮುಖ್ಯಶಿಕ್ಷಕರನ್ನೂ ಮಕ್ಕಳ ರಕ್ಷಣೆಯ ವ್ಯವಸ್ಥೆಯನ್ನೂ ಮೊದಲು ಸಂಪರ್ಕಿಸಿ. ಭಾರತದಲ್ಲಿ ಟೆಲಿ ಮಾನಸ್ ಸಹಾಯವಾಣಿ 14416, ಅಮೆರಿಕದಲ್ಲಿ 988. ಎರಡೂ ದಿನದ 24 ಗಂಟೆ ಉಚಿತ. ಮಗುವಿನ ಪರವಾಗಿ ನೀವೂ ಕರೆ ಮಾಡಬಹುದು. ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ಅಂಥ ಯೋಚನೆ ಇದ್ದರೆ, ಈಗಲೇ ಈ ಸಹಾಯವಾಣಿಗೆ ಕರೆ ಮಾಡಿ.

ಪೋಷಕರಿಗೆ ಹೇಳಲೇಬೇಕಾದ ಒಂದು ಮಾತು: ಮನೆಯಲ್ಲಿ ಅಪಾಯಕಾರಿಯಾದ ಔಷಧಿ, ವಿಷ, ಆಯುಧ ಏನಿದ್ದರೂ ಮಗುವಿಗೆ ಸಿಗದಂತೆ ಬೀಗ ಹಾಕಿಡಬೇಕು, ಇಲ್ಲವೇ ಮನೆಯಿಂದಲೇ ಹೊರಹಾಕಬೇಕು. ‘ಮನಸ್ಸು ಮಾಡಿದವರು ಬೇರೆ ದಾರಿ ಹುಡುಕ್ತಾರೆ’ ಎನ್ನುವುದು ತಪ್ಪು ತಿಳಿವಳಿಕೆ. ನಿರ್ಧಾರಕ್ಕೂ ಯತ್ನಕ್ಕೂ ನಡುವೆ ಇದ್ದದ್ದು ಕೆಲವೇ ನಿಮಿಷ ಎಂದು ಬದುಕುಳಿದವರಲ್ಲಿ ಹಲವರು ಹೇಳುತ್ತಾರೆ. ಆ ಅಲೆ ಏರಿದ ಹಾಗೇ ಇಳಿಯುತ್ತದೆ, ಇಳಿಯುವವರೆಗೆ ಕೈಗೆ ಏನೂ ಸಿಗದಿದ್ದರೆ ಮಗು ಉಳಿಯುತ್ತದೆ. ಇನ್ನು, ಖಿನ್ನತೆಯ ಮಾತ್ರೆಯಿಂದಲೇ ಆತ್ಮಹತ್ಯೆಯ ಯೋಚನೆ ಬರುತ್ತದಂತೆ ಎಂದು ಕೇಳಿ ಕೆಲವರು ಔಷಧಿಯನ್ನು ತಟ್ಟನೆ ನಿಲ್ಲಿಸುತ್ತಾರೆ. 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ಕೊಟ್ಟದ್ದು ನಿಜ. ಮಕ್ಕಳ ಮೇಲಿನ ಪ್ರಯೋಗಗಳಲ್ಲಿ ಮಾತ್ರೆ ತೆಗೆದುಕೊಂಡವರಲ್ಲಿ ಶೇಕಡ 4, ಔಷಧಿಯ ಅಂಶವಿಲ್ಲದ ಹುಸಿಮಾತ್ರೆ ತೆಗೆದುಕೊಂಡವರಲ್ಲಿ ಶೇಕಡ 2ರಷ್ಟು ಮಂದಿಯಲ್ಲಿ ಅಂಥ ಯೋಚನೆ ಅಥವಾ ವರ್ತನೆ ಕಂಡಿತ್ತು. ಆ ಪ್ರಯೋಗಗಳಲ್ಲಿ ಯಾರೂ ಆತ್ಮಹತ್ಯೆಯಿಂದ ಸಾಯಲಿಲ್ಲ. ಆದ್ದರಿಂದ ಮೊದಲ ವಾರಗಳಲ್ಲಿ ಮಗುವನ್ನು ಹತ್ತಿರದಿಂದ ಗಮನಿಸಬೇಕು, ಏರುಪೇರು ಕಂಡರೆ ವೈದ್ಯರಿಗೆ ಫೋನ್ ಮಾಡಬೇಕು. ತಾವಾಗಿ ಮಾತ್ರೆ ನಿಲ್ಲಿಸಬಾರದು.

‘ಅಂಕ ಕಡಿಮೆ ಬಂದಿದ್ದಕ್ಕೆ’, ‘ಮೊಬೈಲ್ ಕಿತ್ಕೊಂಡಿದ್ದಕ್ಕೆ’ ಎಂದು ಸುದ್ದಿಯಲ್ಲಿ ಓದುತ್ತೇವೆ. ಅಂಥ ಘಟನೆ ಕಡ್ಡಿ ಗೀರಿದ್ದಷ್ಟೇ, ಒಣಹುಲ್ಲು ಬಹಳ ದಿನದಿಂದ ರಾಶಿ ಬಿದ್ದಿರುತ್ತದೆ. ಆದರೂ ಕಡ್ಡಿ ಗೀರುವ ಕೈ ಕೆಲವೊಮ್ಮೆ ಶಾಲೆಯದ್ದಾಗಿರುತ್ತದೆ, ಹಾಗಾಗಿ ನಿಮ್ಮಲ್ಲಿ ಒಂದು ವಿನಂತಿ. ಕಾಪಿ ಹೊಡೆದು ಸಿಕ್ಕಿಬಿದ್ದ, ಪ್ರೇಮಪತ್ರ ಸಿಕ್ಕಿ ಎಲ್ಲರೆದುರು ಓದಿಸಿಕೊಂಡ, ಪೋಷಕರನ್ನು ಕರೆಸಿ ಅವರೆದುರೇ ಬೈಸಿಕೊಂಡ ಮಗುವಿಗೆ ಆ ದಿನದ ಸಂಜೆ ಅತ್ಯಂತ ಅಪಾಯದ್ದು. ಶಿಸ್ತು ಬೇಕು, ಒಪ್ಪುತ್ತೇನೆ. ಮಾನ ಕಳೆಯುವುದು ಬೇಡ. ಶಿಕ್ಷೆ ಕೊಡಲೇಬೇಕಾಗಿ ಬಂದ ದಿನ, ಮಗು ಮನೆಗೆ ಹೊರಡುವ ಮುಂಚೆ ಶಾಲೆಯ ಒಬ್ಬ ದೊಡ್ಡವರಾದರೂ ‘ಇದು ದೊಡ್ಡ ವಿಷಯ ಅಲ್ಲ, ನಾಳೆ ಬಾ, ಸರಿ ಮಾಡೋಣ’ ಎಂದು ಕಣ್ಣಲ್ಲಿ ಕಣ್ಣಿಟ್ಟು ಹೇಳಬೇಕು.

ಒಬ್ಬ ಶಿಕ್ಷಕಿಯೇ ಇಡೀ ಭಾರ ಹೊರಬೇಕಿಲ್ಲ ಎಂಬುದಕ್ಕೂ ಸಾಕ್ಷಿ ಇದೆ. ಯೂರೋಪಿನ ಹತ್ತು ದೇಶಗಳ 168 ಶಾಲೆಗಳಲ್ಲಿ, 11,110 ಮಕ್ಕಳನ್ನು ಒಳಗೊಂಡ ಪ್ರಯೋಗದ ಫಲಿತಾಂಶ 2015ರಲ್ಲಿ ಬಂತು. ಮಕ್ಕಳೇ ಪಾತ್ರ ಅಭಿನಯಿಸಿ, ಚರ್ಚಿಸಿ, ಖಿನ್ನತೆ, ಒತ್ತಡ, ಗೆಳೆಯನಿಗೆ ಕಷ್ಟವಾದಾಗ ಏನು ಮಾಡಬೇಕು ಎಂಬುದನ್ನು ಒಟ್ಟು ಐದು ಗಂಟೆಯಷ್ಟು ಹೊತ್ತು ಕಲಿತ ಶಾಲೆಗಳಲ್ಲಿ, ಒಂದು ವರ್ಷದ ನಂತರ ಹೊಸ ಆತ್ಮಹತ್ಯಾ ಯತ್ನಗಳು ಹೋಲಿಕೆಯ ಗುಂಪಿಗಿಂತ ಅರ್ಧದಷ್ಟು ಕಡಿಮೆಯಿದ್ದವು. ಶಿಕ್ಷಕರಿಗೆ ಮಾತ್ರ ತರಬೇತಿ ಕೊಟ್ಟ ಕಡೆ ಅಂಥ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಮಗು ಮೊದಲು ಹೇಳಿಕೊಳ್ಳುವುದು ಇನ್ನೊಂದು ಮಗುವಿನ ಹತ್ತಿರ. ಆ ಗೆಳೆಯನಿಗೆ ‘ಗುಟ್ಟು ಮುರಿದು ದೊಡ್ಡವರಿಗೆ ಹೇಳು, ಅದು ದ್ರೋಹ ಅಲ್ಲ’ ಎಂದು ಮುಂಚೆಯೇ ಕಲಿಸಿರಬೇಕು.

ಈಗ ಸೋಮವಾರ. ಅವನು ಬರುವ ಮುಂಚೆ ಅವನ ತಂದೆತಾಯಿ, ನೀವು, ಶಾಲೆಯಲ್ಲಿ ಆಪ್ತಸಮಾಲೋಚಕರಿದ್ದರೆ ಅವರು, ಒಂದರ್ಧ ಗಂಟೆ ಕೂತು ಮಾತಾಡಿ. ಯಾರಾದರೂ ‘ಎಲ್ಲಿಗೆ ಹೋಗಿದ್ದೆ’ ಎಂದರೆ ಏನು ಹೇಳಬೇಕು ಎಂಬುದನ್ನು ಅವನೇ ತೀರ್ಮಾನಿಸಲಿ. ‘ಹುಷಾರಿರಲಿಲ್ಲ, ಈಗ ಪರವಾಗಿಲ್ಲ’ ಎಂಬಷ್ಟೇ ಸಾಕು. ಉಳಿದ ಮಕ್ಕಳೊಂದಿಗೆ ಅವನು ಏನು ಮಾಡಿಕೊಂಡ, ಹೇಗೆ ಎಂಬ ವಿವರ ಚರ್ಚಿಸಬೇಡಿ. ಈ ವಯಸ್ಸಿನಲ್ಲಿ ಒಬ್ಬರ ಯತ್ನ ಇನ್ನೊಬ್ಬರಿಗೆ ತಾಗುತ್ತದೆ, ಈಗಾಗಲೇ ನೊಂದಿರುವವರಿಗೆ ಹೆಚ್ಚು. ಅವನ ಆಪ್ತ ಗೆಳೆಯರನ್ನೂ, ಹಿಂದೆ ಇಂಥದ್ದು ಅನುಭವಿಸಿದ ಮಕ್ಕಳನ್ನೂ ಈ ವಾರವೇ ಒಬ್ಬೊಬ್ಬರಾಗಿ ಕರೆದು ಮಾತಾಡಿಸಿ. ಹಾಜರಿ ಪುಸ್ತಕದಲ್ಲಿ ಮೊದಲು ಗುರುತು ಹಾಕಬೇಕಾದ ಹೆಸರುಗಳು ಅವರದ್ದೇ. ಆಮೇಲೆ, ಪಟ್ಟಿಯಲ್ಲಿ ಎಷ್ಟು ಅಂಶ ಇವೆ ಎಂಬುದನ್ನು ಬಿಟ್ಟು, ಕಳೆದ ಒಂದೆರಡು ತಿಂಗಳಲ್ಲಿ ಯಾರು ಮೊದಲಿನಂತಿಲ್ಲವೋ ಅವರು.

ಬಿಟ್ಟುಹೋದ ಪಾಠಗಳನ್ನು ಮೊದಲ ದಿನವೇ ಅವನ ಮುಂದೆ ರಾಶಿ ಹಾಕಬೇಡಿ. ಯಾವ ಟೆಸ್ಟ್ ಬಿಡಬಹುದು, ಯಾವುದನ್ನು ಮುಂದೂಡಬಹುದು ಎಂದು ಮುಖ್ಯಶಿಕ್ಷಕರ ಜೊತೆ ಮೊದಲೇ ಮಾತಾಡಿಟ್ಟುಕೊಳ್ಳಿ. ಕ್ಲಾಸಿನಲ್ಲಿ ಉಸಿರು ಕಟ್ಟಿದಂತಾದರೆ ಕೈ ಎತ್ತಿ ಕಾರಣ ಹೇಳದೆ ಹೊರಗೆ ಹೋಗಬಹುದು, ಇಂಥವರ ಹತ್ತಿರ ಹೋಗಿ ಕೂರಬಹುದು ಎಂದು ಅವನಿಗೆ ತಿಳಿಸಿಡಿ. ಮೊದಲಿನ ಬೆಂಚೇ ಇರಲಿ, ಪಕ್ಕದಲ್ಲಿ ಮೊದಲಿನ ಗೆಳೆಯನೇ ಇರಲಿ. ದಿನಕ್ಕೊಮ್ಮೆ, ಊಟದ ಬಿಡುವಿನಲ್ಲೋ ಪ್ರಯೋಗಾಲಯದ ಬೀಗ ಹಾಕುವಾಗಲೋ, ಐದು ನಿಮಿಷ ಅವನ ಜೊತೆ ನಿಲ್ಲಿ. ‘ನಿನ್ನೆ ರಾತ್ರಿ ನಿದ್ದೆ ಬಂತಾ?’ ಎಂದು ಕೇಳಿ, ಅವನು ಹೇಳಿದ್ದನ್ನು ಕೇಳಿಸಿಕೊಳ್ಳಿ. ಮೊದಲ ಮೂರು ತಿಂಗಳು ಇದನ್ನು ಒಂದು ದಿನವೂ ತಪ್ಪಿಸಬೇಡಿ. ನೀವು ರಜೆ ಹಾಕುವ ದಿನ ಯಾರು ಕೇಳುತ್ತಾರೆ ಎಂಬುದನ್ನು ಅವನಿಗೆ ಹಿಂದಿನ ದಿನವೇ ಹೇಳಿಡಿ.